ಯಾರೂ ಬಾರದ ಸಂಜೆ

ಸೆಪ್ಟೆಂಬರ್ ೧೨

ಪ್ರೀತಿಯ ಅಕ್ಕಾ,

ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಕೊನೆಗೆ ಇಬ್ಬರೂ ಊಟ ಆಯಿತಾ ಎಂದು ಕೇಳಿಕೊಂಡು ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನ್ನೆ ಮಗಳ ಶಾಲೆಯಲ್ಲಿ ಹಳೆಯ ಪುಸ್ತಕಗಳ ಮಾರಾಟವಿತ್ತು. ಇಲ್ಲಿನ ಪೋಷಕರ ಸಂಘ ವರ್ಷವಿಡೀ ಇಂಥದ್ದೇನಾದರೂ ನಡೆಸುತ್ತಲೇ ಇರುತ್ತದೆ. ಶಾಲೆಗೆ ಗ್ರಂಥಾಲಯದ ಕೋಣೆ ಕಟ್ಟಿಸಬೇಕಂತೆ, ಅದಕ್ಕೆ. ಶುರುವಿನಲ್ಲಿ ಯಾರಾದರೂ ಒಬ್ಬ ಹುಡುಗಿ ಸ್ವಾಗತದ ನಾಲ್ಕು ಮಾತು ಆಡಬೇಕು ಎಂದಾಗ ಗುಬ್ಬಿ ತಾನಾಗಿ ಕೈ ಎತ್ತಿದಳಂತೆ. ನಮ್ಮ ಗುಬ್ಬಿ! ಉಗ್ಗು ಬರುತ್ತದೆಂದು ಅಂಗಡಿಗೆ ಹೋಗಿ ಒಂದು ಪೆನ್ಸಿಲ್ ಕೇಳಲೂ ಹಿಂದೆಮುಂದೆ ನೋಡುವ ಹುಡುಗಿ. ನನಗಂತೂ ನಂಬಲಿಕ್ಕೇ ಆಗಲಿಲ್ಲ.

ವಾರವಿಡೀ ಅಭ್ಯಾಸ ಮಾಡಿದಳು. ಶಾಲೆ ಬಿಟ್ಟ ಮೇಲೆ ನನ್ನ ಪಾರ್ಲರಿಗೆ ಬಂದು, ಕನ್ನಡಿಯ ಮುಂದೆ ನಿಂತು, ಬಾಚಣಿಗೆಯನ್ನೇ ಮೈಕಿನ ಹಾಗೆ ಹಿಡಿದುಕೊಂಡು ಹೇಳುತ್ತಿದ್ದಳು. ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತ ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಸರಾಗವಾಗಿ ಬರುತ್ತಿತ್ತು ಅಕ್ಕಾ. ಅಲ್ಲಲ್ಲಿ ನಿಲ್ಲುತ್ತಿತ್ತು, ಆದರೆ ಬರುತ್ತಿತ್ತು.

ನಿನ್ನೆ ಸಭಾಂಗಣದ ತುಂಬ ಜನ. ಗುಬ್ಬಿ ವೇದಿಕೆ ಹತ್ತಿ "ಎಲ್ಲರಿಗೂ ಸ್... ಸ್ವಾ..." ಎಂದಳು. ಅಲ್ಲಿ ಸಿಕ್ಕಿಕೊಂಡಿತು. ಇನ್ನೇನು ಬರುತ್ತಿತ್ತು. ಅವಳ ಗಂಟಲು ನೋಡಿದರೆ ನನಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಸಂಘದ ಅಧ್ಯಕ್ಷೆ ಎದ್ದಳು. ಆಕೆ ಹಲ್ಲಿನ ಡಾಕ್ಟರು. ನಮ್ಮ ಬೀದಿಯ ಕೊನೆಯಲ್ಲೇ ಕ್ಲಿನಿಕ್ಕು. ಅವಳ ಮಗಳೂ ಗುಬ್ಬಿಯ ಕ್ಲಾಸೇ. ನೇರ ಬಂದು ಗುಬ್ಬಿಯ ಕೈಯಿಂದ ಮೈಕು ಕಿತ್ತುಕೊಂಡು, "ಪಾಪ, ಹೆದರ್ಕೊಂಡಿದ್ದಾಳೆ. ಪರ್ವಾಗಿಲ್ಲ ಪುಟ್ಟಾ, ಹೋಗಿ ಕೂತ್ಕೋ. ಟೈಮ್ ಬೇರೆ ಆಗ್ತಿದೆ" ಎಂದು ನಕ್ಕಳು. ಜನವೂ ನಕ್ಕರು. ಆಮೇಲೆ ತಾನೇ ಸ್ವಾಗತ ಮಾಡಿದಳು.

ಗುಬ್ಬಿ ಇಳಿಯಲಿಲ್ಲ. ಅಲ್ಲೇ ಪಕ್ಕದಲ್ಲಿ ನಿಂತಿದ್ದಳು. ಮೈಕಿಲ್ಲದಿದ್ದರೂ ಅವಳ ತುಟಿ ಅಲುಗುತ್ತಲೇ ಇತ್ತು. ತಾನು ಕಲಿತದ್ದನ್ನು ಒಳಗೊಳಗೇ ಕೊನೆಯವರೆಗೆ ಹೇಳಿ ಮುಗಿಸಿದಳು. ಯಾರೂ ನೋಡಲಿಲ್ಲ. ನಾನು ನೋಡಿದೆ.

ನಿನ್ನೆಯಿಂದ ಅವಳು ಮಾತಾಡಿಲ್ಲ. ಬೇಕು ಬೇಡ ಎಲ್ಲಕ್ಕೂ ತಲೆಯಾಡಿಸುತ್ತಾಳೆ, ಅಷ್ಟೇ.

ಆ ಹೆಂಗಸು ಇದೇ ಜನರ ನಡುವೆ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಎನ್ನುವಂತೆ ನಿಲ್ಲಬೇಕು. ಅಲ್ಲಿಯವರೆಗೆ ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ನಿನ್ನ ತಂಗಿ


ಸೆಪ್ಟೆಂಬರ್ ೨೦

ಪುಟ್ಟಿ,

ಓದಿದೆ. ರಾತ್ರಿ ಪಾಳಿ ಮುಗಿಸಿ ಬಂದು ಓದಿ, ಮತ್ತೆ ನಿದ್ದೆ ಬರಲಿಲ್ಲ. ಆ ಡಾಕ್ಟರಮ್ಮ ನಮ್ಮ ಆಸ್ಪತ್ರೆಗೆ ಬಂದಿದ್ದರೆ ಇಂಜೆಕ್ಷನ್ ಚುಚ್ಚುವ ಕೆಲಸ ನಾನೇ ಕೇಳಿ ತೆಗೆದುಕೊಳ್ಳುತ್ತಿದ್ದೆ. ನರ್ಸಿನ ಬಾಯಲ್ಲಿ ಇಂಥ ಮಾತು ಬರಬಾರದು. ಆದರೂ ಬಂತು.

ಒಂದು ಕೆಲಸ ಮಾಡು. ನಾಳೆಯೇ ಅವಳ ಕ್ಲಿನಿಕ್ಕಿಗೆ ಹೋಗು. ಕಾಯುವವರೆಲ್ಲ ಕೇಳಿಸಿಕೊಳ್ಳುವ ಹಾಗೆ ಬೈದು ಬಾ. "ನನ್ನ ಮಗಳ ಹತ್ತಿರ ಬಂದು ಕ್ಷಮೆ ಕೇಳು" ಎಂದು ಹೇಳು. ಅವಳು ಕೇಳಿದರೆ ಸರಿ, ಕೇಳದಿದ್ದರೆ ನಿನ್ನ ಎದೆಯ ಭಾರವಾದರೂ ಇಳಿಯುತ್ತದೆ. ಒಳಗೇ ಇಟ್ಟುಕೊಂಡು ಕುದಿಯಬೇಡ. ನೀನು ಚಿಕ್ಕವಳಿದ್ದಾಗಿನಿಂದ ನಾನು ನೋಡಿದ್ದೇನೆ. ಕೂಗಾಡಿದ ದಿನ ನಿನಗೆ ಏನೂ ಆಗುವುದಿಲ್ಲ. ನೀನು ಸುಮ್ಮನಾದ ದಿನವೇ ಮನೆಯವರೆಲ್ಲ ಹುಷಾರಾಗಿರಬೇಕಿತ್ತು.

ಗುಬ್ಬಿಗೆ ನನ್ನ ಮುತ್ತು ಕೊಡು. ದೊಡ್ಡಮ್ಮನಿಗೆ ಕಾಗದ ಬರಿ ಎಂದು ಹೇಳು.

ಅಕ್ಕ


ನವೆಂಬರ್ ೫

ಅಕ್ಕಾ,

ಬೈಯಲು ಹೋಗಲಿಲ್ಲ. ಸಂಘಕ್ಕೆ ಸೇರಿದೆ.

ನಗಬೇಡ. ಪೋಷಕರ ಸಭೆ ಒಂದನೇ ಕ್ಲಾಸಿನ ಕೋಣೆಯಲ್ಲಿ ನಡೆಯುತ್ತದೆ. ಚೋಟುದ್ದದ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಔಷಧಿ ಅಂಗಡಿಯವನು, ಬೇಕರಿಯವಳು, ಬ್ಯಾಂಕಿನ ಮ್ಯಾನೇಜರು, ಎಲ್ಲ ಕೂತಿರುತ್ತಾರೆ. ಡಾಕ್ಟರಮ್ಮ ಮಾತ್ರ ಟೀಚರ ಕುರ್ಚಿಯಲ್ಲಿ. ಮೊದಲ ದಿನ ನಾನು ಹೋದಾಗ ತುಂಬ ಸಂತೋಷದಿಂದಲೇ ಬರಮಾಡಿಕೊಂಡಳು. "ಹೊಸಬರು ಬಂದ್ರೆ ಒಳ್ಳೇದೇ. ನಿಮ್ಮ ಮಗು ಯಾವ ಕ್ಲಾಸು?" ಎಂದು ಕೇಳಿದಳು.

ಅಕ್ಕಾ, ಅವಳಿಗೆ ನೆನಪೇ ಇಲ್ಲ. ನನ್ನ ಮಗಳ ಬಾಯಿ ಮುಚ್ಚಿಸಿದ್ದು ಅವಳ ಮಟ್ಟಿಗೆ ಅಂಗಿಯ ಮೇಲಿನ ಧೂಳು ಕೊಡವಿದ ಹಾಗೆ. ಹಗೆಯಿಂದ ಮಾಡಿದ್ದರೂ ನಾನು ಇಷ್ಟು ಉರಿಯುತ್ತಿರಲಿಲ್ಲವೇನೋ. "ಏಳನೇ ಕ್ಲಾಸು" ಎಂದೆ. "ಓ, ನಮ್ಮವಳ ಕ್ಲಾಸೇ!" ಎಂದು ನಕ್ಕಳು. ನಾನೂ ನಕ್ಕೆ.

ಯಾರಿಗೂ ಬೇಡದ ಕೆಲಸಗಳನ್ನೆಲ್ಲ ನಾನು ಕೇಳಿ ಕೇಳಿ ತೆಗೆದುಕೊಂಡೆ. ಗಿಡಗಳ ಮಾರಾಟದ ದಿನ ಕುಂಡ ಹೊತ್ತೆ. ಕುಟುಂಬಗಳ ನಡಿಗೆಯ ದಿನ ದಾರಿಯುದ್ದಕ್ಕೂ ನೀರು ಹಂಚಿದೆ. ಕೊನೆಗೆ ಉಳಿದು ಗುಡಿಸಿದೆ. ಆಕೆ ಸೋಮಾರಿ ಎಂದು ನಾನು ಹೇಳಲಾರೆ. ಕ್ಲಿನಿಕ್ ಮುಚ್ಚಿ ಬಂದು ನಮ್ಮೆಲ್ಲರಿಗಿಂತ ಹೆಚ್ಚು ದುಡಿಯುತ್ತಾಳೆ. ಆದರೆ ಅವಳಿಗೆ ಯಾರ ಕೆಲಸವೂ ಹಿಡಿಸುವುದಿಲ್ಲ. ಬೇಕರಿಯವಳು ಕಟ್ಟಿದ ತೋರಣವನ್ನು ಅವಳ ಕಣ್ಣೆದುರೇ ಬಿಚ್ಚಿ ಮತ್ತೆ ಕಟ್ಟಿದಳು. ಔಷಧಿ ಅಂಗಡಿಯವನು ಏನೋ ಹೇಳಲು ಬಾಯಿ ತೆರೆದರೆ, "ಗೊತ್ತಾಯ್ತು ಗೊತ್ತಾಯ್ತು" ಎಂದು ಕೈಯಾಡಿಸುತ್ತಾಳೆ. ಎಲ್ಲರಿಗೂ ಒಳಗೊಳಗೇ ಅವಳ ಮೇಲೆ ಮುನಿಸು. ಆ ಮುನಿಸೆಲ್ಲ ಎಲ್ಲಿಗೆ ಬರುತ್ತದೆ ಹೇಳು? ನನ್ನ ಪಾರ್ಲರಿಗೆ. ತಲೆಯನ್ನು ಬೇರೆಯವರ ಕೈಗೆ ಕೊಟ್ಟು ಕೂತ ಮನುಷ್ಯ ಏನನ್ನೂ ಬಚ್ಚಿಡುವುದಿಲ್ಲ.

ನಾನು ಹೂಂ ಎನ್ನುತ್ತೇನೆ, ಕತ್ತರಿ ಆಡಿಸುತ್ತೇನೆ. ಅಷ್ಟೇ ಈಗ.

ಗುಬ್ಬಿ ಮನೆಯಲ್ಲಿ ಸ್ವಲ್ಪ ಸ್ವಲ್ಪ ಮಾತಾಡುತ್ತಾಳೆ. ಶಾಲೆಯಲ್ಲಿ ಇಲ್ಲವೇ ಇಲ್ಲವಂತೆ. ಪಾರ್ಲರಿನ ಮೂಲೆಯ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡಿಕೊಳ್ಳುತ್ತಾಳೆ. ಇದ್ದಾಳೋ ಇಲ್ಲವೋ ಎನ್ನುವ ಹಾಗೆ.

ನಿನ್ನ ತಂಗಿ


ಡಿಸೆಂಬರ್ ೨೮

ಪುಟ್ಟಿ,

ರಜೆಗೆ ನಿಮ್ಮ ಮನೆಗೆ ಬಂದು ಹೋದದ್ದು ಖುಷಿಯಾಯಿತು. ನಿನ್ನ ಯಜಮಾನರು ಬಸ್ಸಿನ ಡ್ಯೂಟಿ ಬದಲಾಯಿಸಿಕೊಂಡು ಮನೆಯಲ್ಲಿ ಉಳಿದದ್ದು, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತದ್ದು. ಅಲ್ಲೇ ಹೇಳಬೇಕೆಂದಿದ್ದ ಒಂದು ಮಾತು ಬಾಯಿಗೆ ಬರಲಿಲ್ಲ. ರೈಲಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ.

ಊಟದ ಹೊತ್ತಿನಲ್ಲಿ ಗುಬ್ಬಿ ನನಗೆ ತನ್ನ ವಿಜ್ಞಾನದ ಟೀಚರ ಬಗ್ಗೆ ಏನೋ ಹೇಳಲು ಹೊರಟಳು. "ಅವರು ಒಂದಿನ ಕ್... ಕ..." ಎಂದಳು. ನೀನು ತಟ್ಟೆಗೆ ಬಡಿಸುತ್ತಲೇ "ಕಪ್ಪೆ ತಂದಿದ್ರು, ಹೌದಲ್ವಾ" ಎಂದೆ. ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಅವಳು ಶುರು ಮಾಡಿದ ಮಾತನ್ನೆಲ್ಲ ನೀನೇ ಮುಗಿಸಿದೆ. ಪ್ರೀತಿಯಿಂದಲೇ. ಅವಳಿಗೆ ಕಷ್ಟವಾಗಬಾರದು ಎಂದೇ.

ಮಲಗುವ ಮುಂಚೆ ಅವಳು ನನ್ನ ಪಕ್ಕ ಬಂದು ಕೂತಾಗ ಕೇಳಿದೆ. ತುಂಬ ಹೊತ್ತು ತೆಗೆದುಕೊಂಡು ಹೇಳಿದಳು. ಅವರು ತಂದದ್ದು ಕಪ್ಪೆಯಲ್ಲ, ಕನ್ನಡಕವಂತೆ. ಟೀಚರು ತಮ್ಮ ಹಳೆಯ ಕನ್ನಡಕ ತಂದು ಬಿಸಿಲಿನಲ್ಲಿ ಕಾಗದ ಸುಟ್ಟು ತೋರಿಸಿದರಂತೆ.

ನಿನಗೆ ನೋವಾಗಲಿ ಎಂದು ಬರೆಯುತ್ತಿಲ್ಲ. ಡಾಕ್ಟರಮ್ಮನ ವಿಷಯ ಬಿಟ್ಟುಬಿಡು ಎಂದು ಹೇಳಲು ಇದಕ್ಕಿಂತ ಬೇರೆ ದಾರಿ ನನಗೆ ಕಾಣಲಿಲ್ಲ.

ಅಕ್ಕ


ಮಾರ್ಚ್ ೩

ಅಕ್ಕನಿಗೆ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಬರೆಯಬಾರದ್ದನ್ನು ಬರೆಯುತ್ತಿದ್ದೆ.

ನೀನು ವರ್ಷಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುವವಳು. ಆ ಹುಡುಗಿ ಒಂದು ಮಾತಿಗಾಗಿ ಒದ್ದಾಡುವುದನ್ನು ದಿನಾ ಬೆಳಿಗ್ಗೆ ನೋಡುವವಳು ನಾನು. ನಾನು ಮಗಳಿಗೆ ಕೈ ಆಸರೆ ಕೊಟ್ಟದ್ದನ್ನೂ ಆ ಡಾಕ್ಟರಮ್ಮ ಅವಳ ಕೈಯಿಂದ ಮೈಕು ಕಿತ್ತುಕೊಂಡದ್ದನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟೆಯಲ್ಲ. ಆಯಿತು. ಇಡು.

ಮೇ ತಿಂಗಳಲ್ಲಿ ಸಂಘದ ಕುಟುಂಬ ಸಂಜೆ. ವರ್ಷದ ದೊಡ್ಡ ಕಾರ್ಯಕ್ರಮ ಅದೇ. ಹಾಡು, ಆಟ, ಎಲ್ಲ ಮನೆಯವರೂ ಏನಾದರೂ ಮಾಡಿ ತಂದು ಹಂಚಿಕೊಂಡು ಉಣ್ಣುವುದು. ಗ್ರಂಥಾಲಯಕ್ಕೆ ಬೇಕಾದ ಹಣದಲ್ಲಿ ಅರ್ಧ ಆ ಒಂದು ಸಂಜೆಯಲ್ಲೇ ಕೂಡಿಬರುತ್ತದಂತೆ. ಡಾಕ್ಟರಮ್ಮ ಈಗಿನಿಂದಲೇ ಕುಣಿಯುತ್ತಿದ್ದಾಳೆ. ಮನೆಮನೆಗೆ ಕರೆ ಹೇಳುವ ಕೆಲಸವನ್ನು ನನಗೇ ವಹಿಸಿದ್ದಾಳೆ. "ನಿಮ್ಮಷ್ಟು ಜನ ಯಾರಿಗೆ ಗೊತ್ತು ಹೇಳಿ?" ಎಂದಳು.

ಹೌದು. ನನ್ನಷ್ಟು ಯಾರಿಗೂ ಗೊತ್ತಿಲ್ಲ.

ತಂಗಿ


ಏಪ್ರಿಲ್ ೨೪

ಅಕ್ಕಾ,

ನಿನ್ನ ಎರಡು ಕಾಗದಗಳೂ ಬಂದವು. ಬೇಡ ಬೇಡ ಎಂದು ನೀನು ಎಷ್ಟು ಬರೆದರೂ ನಾನು ಹಿಂದೆ ಸರಿಯುವುದಿಲ್ಲ. ಆದರೂ ನಿನಗೆ ಹೇಳದೆ ಮಾಡಿದರೆ ನನಗೆ ಸಮಾಧಾನವಿಲ್ಲ. ಕೇಳು.

ನಾನು ಎಲ್ಲರ ಮನೆಗೂ ಹೋಗಿ ಕರೆದಿದ್ದೇನೆ. ಒಂದು ಮನೆಯನ್ನೂ ಬಿಟ್ಟಿಲ್ಲ. ಆದರೆ ಪಾರ್ಲರಿಗೆ ಬಂದವರ ಕಿವಿಯಲ್ಲಿ ಬೇರೆಯದನ್ನು ಹಾಕುತ್ತಿದ್ದೇನೆ. ಬೇಕರಿಯವಳಿಗೆ ಹೇಳಿದೆ, "ಈ ಸಲ ಯಾರೂ ಹೋಗೋ ಹಾಗೆ ಕಾಣ್ತಿಲ್ಲಪ್ಪ. ಔಷಧಿ ಅಂಗಡಿಯವ್ರ ಮನೇಲಿ ಬರಲ್ಲ ಅಂದ್ರು." ಅವಳು ತಕ್ಷಣ, "ಹಾಗಾದ್ರೆ ನಾನ್ಯಾಕೆ ಹೋಗ್ಲಿ? ಹೋದ್ರೆ ನನ್ನ ಕೇಕಿಗೂ ಏನಾದ್ರೂ ಹೆಸರಿಡ್ತಾಳೆ" ಎಂದಳು. ಮರುದಿನ ಔಷಧಿ ಅಂಗಡಿಯವನ ಹೆಂಡತಿ ಬಂದಾಗ, "ಬೇಕರಿಯವ್ರು ಬರಲ್ವಂತೆ" ಎಂದೆ. ಮೊದಲನೆಯವಳಿಗೆ ಹೇಳಿದ್ದು ಸುಳ್ಳು. ಎರಡನೆಯವಳಿಗೆ ಹೇಳುವ ಹೊತ್ತಿಗೆ ಅದು ನಿಜವಾಗಿತ್ತು. ಈಗ ನಾನು ಬಾಯಿಯನ್ನೇ ತೆರೆಯಬೇಕಾಗಿಲ್ಲ. ಅವರೇ ಬಂದು ನನಗೆ ಹೇಳುತ್ತಾರೆ, "ಗೊತ್ತಾಯ್ತಾ, ಯಾರೂ ಹೋಗ್ತಿಲ್ವಂತೆ!"

ಡಾಕ್ಟರಮ್ಮನ ಮುಂದೆ ಮಾತ್ರ ಎಲ್ಲರೂ "ಬರ್ತೀವಿ, ಖಂಡಿತ ಬರ್ತೀವಿ" ಎನ್ನುತ್ತಾರೆ. ಅವಳ ಬಾಯಿಗೆ ಹೆದರಿ.

ಅವಳು ಸಭಾಂಗಣದ ಕಿಟಕಿಗಳಿಗೆಲ್ಲ ಹೊಸ ಪರದೆ ಹೊಲಿಸಿದ್ದಾಳೆ. ಅವಳ ಮಗಳು ಪಿಟೀಲು ಬಾರಿಸುತ್ತಾಳಂತೆ, ವರ್ಷದಿಂದ ಕಲಿಯುತ್ತಿದ್ದಾಳೆ. ಬಾರಿಸಲಿ. ಖಾಲಿ ಕುರ್ಚಿಗಳು ಕೇಳಲಿ.

ಗುಬ್ಬಿಯ ಅಪ್ಪನಿಗೆ ಏನೂ ಹೇಳಿಲ್ಲ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನೀನೂ ಹೇಳಬೇಡ.

ನಿನ್ನ ತಂಗಿ


ಮೇ ೧೬

ಅಕ್ಕಾ,

ಆಯಿತು. ಎಲ್ಲ ನಾನು ಅಂದುಕೊಂಡ ಹಾಗೇ ಆಯಿತು.

ನಿನ್ನೆ ಬೆಳಿಗ್ಗೆ ಪಾರ್ಲರ್ ತೆರೆದ ಕೂಡಲೇ ಯಾರು ಬಂದರು ಗೊತ್ತೇ? ಅವಳೇ. "ಸಂಜೆಗೆ ಸ್ವಲ್ಪ ನೀಟಾಗಿ ಕಾಣೋ ಹಾಗೆ ಮಾಡಿ" ಎಂದಳು. ಬೇಸಿನ್ನಿಗೆ ಕತ್ತು ಒರಗಿಸಿ ಕಣ್ಣು ಮುಚ್ಚಿಕೊಂಡಳು. ನಾನು ಅವಳ ತಲೆ ತೊಳೆದೆ. ಅವಳ ಕತ್ತು ನನ್ನ ಅಂಗೈಯಲ್ಲಿತ್ತು. ಕಿವಿಯ ಹಿಂದೆ ನರೆತ ಕೂದಲು ಎಷ್ಟೊಂದು. ಕ್ಲಿನಿಕ್ಕು, ಸಂಘ, ಮನೆ ಎಂದು ಓಡಾಡಿ ಸುಸ್ತಾಗಿದ್ದಳೋ ಏನೋ, ಹಾಗೇ ಮಂಪರು ಹತ್ತಿತು. ಎಚ್ಚರವಾದಾಗ, "ನೀವಿಲ್ದಿದ್ರೆ ಈ ವರ್ಷ ನನ್ನ ಕೈಲಿ ಆಗ್ತಿರ್ಲಿಲ್ಲ" ಎಂದಳು. ನಾನು ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಯಾರ ತಲೆಯನ್ನೂ ಬಾಚಿಲ್ಲ ಅಕ್ಕಾ. ಒಂದು ಎಳೆ ಆಚೀಚೆ ಇರಲಿಲ್ಲ. "ಇವತ್ತು ಎಲ್ಲರ ಕಣ್ಣೂ ನಿಮ್ಮ ಮೇಲೇ" ಎಂದು ಕನ್ನಡಿಯಲ್ಲಿ ಅವಳನ್ನು ನೋಡಿ ಹೇಳಿದೆ.

ಸಂಜೆ ತಲೆನೋವೆಂದು ನಾನು ಪಾರ್ಲರಿನಲ್ಲೇ ಉಳಿದೆ. ಸಭಾಂಗಣದ ಬಾಗಿಲು ನನ್ನ ಕಿಟಕಿಗೆ ಎದುರಾಗಿಯೇ ಇದೆ. ದೀಪ ಆರಿಸಿ ಕುರ್ಚಿ ಎಳೆದುಕೊಂಡು ಕೂತೆ. ಸಿನಿಮಾ ನೋಡಲು ಕೂತ ಹಾಗೆ.

ಬಾಗಿಲು ಹಾರು ಹೊಡೆದಿತ್ತು. ಒಳಗೆ ಸಾಲು ಸಾಲು ಕುರ್ಚಿ, ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು, ಅದರ ಮೇಲೆ ಅವಳೊಬ್ಬಳೇ ಮಾಡಿ ತಂದ ಅಡುಗೆಯ ಪಾತ್ರೆಗಳು. ಹೆಡ್‌ಮಾಸ್ಟರು ಬಂದರು. ಅವರು ಬರಲೇಬೇಕಲ್ಲ. ಆಮೇಲೆ ಯಾರೂ ಇಲ್ಲ. ಅವಳು ಬಾಗಿಲಿಗೆ ಬಂದು ಬೀದಿಯ ಆ ತುದಿ ಈ ತುದಿ ನೋಡಿದಳು. ಒಳಗೆ ಹೋದಳು. ಕುರ್ಚಿ ಸರಿಸಿದಳು. ಮತ್ತೆ ಬಂದಳು. ಬೀದಿಯಲ್ಲಿ ಯಾರದೋ ಕಾರು ಬಂದಾಗ ಮುಖ ಅರಳಿತು. ಕಾರು ನಿಲ್ಲದೆ ಹೋಯಿತು. ಕೊನೆಕೊನೆಗೆ ಬಾಗಿಲಿಗೆ ಬರುವುದನ್ನೂ ಬಿಟ್ಟಳು.

ನನಗೆ ಎಷ್ಟು ಹಿತವಾಯಿತೆಂದು ಹೇಳಿದರೆ ನೀನು ಬೈಯುತ್ತೀಯ. ಬೈಯಿ. ಆ ಮೊದಲ ಅರ್ಧ ಗಂಟೆ ನನ್ನ ಮೈಯಲ್ಲಿ ಸೆಪ್ಟೆಂಬರ್‌ನಿಂದ ಬಿಗಿದಿದ್ದ ನರವೊಂದು ಸಡಿಲವಾಯಿತು.

ಆಮೇಲೆ ಬೀದಿಯಲ್ಲಿ ಇಬ್ಬರು ನಡೆದು ಬಂದರು. ಒಬ್ಬರು ಡ್ರೈವರಿನ ಖಾಕಿ ಅಂಗಿ ಬದಲಿಸಿ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ಇನ್ನೊಬ್ಬಳು ಕೈಯಲ್ಲಿ ಮುಚ್ಚಿದ ಪಾತ್ರೆ ಹಿಡಿದುಕೊಂಡಿದ್ದಳು. ನನ್ನ ಗಂಡ, ನನ್ನ ಮಗಳು. ನನ್ನ ಕಿಟಕಿಯ ಮುಂದೆಯೇ ಹಾದುಹೋದರು. ಗುಬ್ಬಿ ಒಂದು ಗಳಿಗೆ ನಿಂತು ಕಿಟಕಿಯ ಕಡೆ ನೋಡಿದಳು. ಒಳಗೆ ಕತ್ತಲಿತ್ತು. ನಾನು ಕಂಡಿರಲಾರೆ. ಆಮೇಲೆ ರಸ್ತೆ ದಾಟಿ ಒಳಗೆ ಹೋದಳು.

ಎಲ್ಲ ಮುಗಿದ ಮೇಲೆ ಮನೆಗೆ ಬಂದು ನನ್ನೆದುರು ನಿಂತಳು. "ನ್... ನಾನು ಅ... ಅವರಿಗೆ..." ಎಂದಳು. ನಾನು ಬಾಯಿ ತೆರೆದೆ. ಅವಳು ಅಂಗೈ ಎತ್ತಿ ನನ್ನನ್ನು ತಡೆದಳು. ಪೊಲೀಸಿನವನು ಗಾಡಿ ತಡೆಯುವ ಹಾಗೆ. ಆಮೇಲೆ ಹೇಳುವುದೇ ಬೇಡವೆಂದು ತೋರಿತೇನೋ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳು ಅಲ್ಲಿ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಇವರನ್ನು ಕೇಳಿದರೆ, "ಅವಳನ್ನೇ ಕೇಳು" ಎನ್ನುತ್ತಾರೆ.

ತಂಗಿ


ಮೇ ೧೭

ಪ್ರೀತಿಯ ದೊಡ್ಡಮ್ಮನಿಗೆ,

ನೀವು ಕಾಗದ ಬರಿ ಎಂದು ಎಷ್ಟೋ ಸಲ ಹೇಳಿದ್ದಿರಿ. ಇವತ್ತು ಬರೆಯುತ್ತಿದ್ದೇನೆ. ಬರೆಯುವಾಗ ನನಗೆ ಏನೂ ಅಡ್ಡ ಬರುವುದಿಲ್ಲ.

ಅಮ್ಮ ಪಾರ್ಲರಿನಲ್ಲಿ ಎಲ್ಲರಿಗೂ ಹೇಳುತ್ತಿದ್ದುದು ನನಗೆ ಗೊತ್ತಿತ್ತು. ನಾನು ಅಲ್ಲೇ ಕೂತಿರುತ್ತಿದ್ದೆ. ನಾನು ಮಾತಾಡುವುದಿಲ್ಲವಾದ್ದರಿಂದ ನನಗೆ ಕೇಳಿಸುವುದೂ ಇಲ್ಲ ಎಂದು ಅಮ್ಮ ಅಂದುಕೊಂಡಿರಬೇಕು.

ಮೊದಲು ನನಗೆ ಖುಷಿಯಾಗಿತ್ತು. ನಿಜ ಹೇಳುತ್ತೇನೆ. ಡಾಕ್ಟರ್ ಆಂಟಿಗೆ ಹಾಗೇ ಆಗಬೇಕು ಎನ್ನಿಸಿತ್ತು. ಆದರೆ ಅವರ ಮಗಳು ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಅವಳು ದಿನಾ ಬೆಂಚಿನ ಮೇಲೆ ಬೆರಳು ಆಡಿಸಿ ಪಿಟೀಲು ಅಭ್ಯಾಸ ಮಾಡುತ್ತಿದ್ದಳು. ಆ ಟಕಟಕ ಸದ್ದು ನನ್ನ ಬೆನ್ನಿಗೆ ತಾಗುತ್ತಿತ್ತು. ನಾನು ಬಾಚಣಿಗೆ ಹಿಡಿದು ಮಾಡುತ್ತಿದ್ದ ಹಾಗೇ. ಆಮೇಲೆ ನನಗೆ ಖುಷಿಯಾಗಲಿಲ್ಲ.

ಅಪ್ಪನಿಗೆ "ಹೋಗೋಣ" ಎಂದೆ. ಒಂದೇ ಮಾತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅಪ್ಪ ಯಾಕೆ ಎಂದೂ ಕೇಳದೆ ಅಂಗಿಗೆ ಇಸ್ತ್ರಿ ಹಾಕಿಕೊಂಡರು.

ಒಳಗೆ ಅಷ್ಟೊಂದು ಕುರ್ಚಿ ಖಾಲಿ ಇರುವುದನ್ನು ನಾನು ಯಾವತ್ತೂ ನೋಡಿರಲಿಲ್ಲ ದೊಡ್ಡಮ್ಮ. ಆಂಟಿಯ ಮಗಳು ವೇದಿಕೆಯ ಮೇಲೆ ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಮೊದಲ ಸಾಲಿನಲ್ಲಿ ಕೂತೆ. ಅಪ್ಪ ನನ್ನ ಪಕ್ಕ. ಹೆಡ್‌ಮಾಸ್ಟರು ಆಚೆ. ಡಾಕ್ಟರ್ ಆಂಟಿ ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ, "ಸರಿ, ಶುರು ಮಾಡೋಣ" ಎಂದರು. ಅವಳು ಬಾರಿಸಿದಳು. ನಡುವೆ ಎರಡು ಕಡೆ ತಪ್ಪಿದಳು, ನಿಂತಳು, ಮತ್ತೆ ಅಲ್ಲಿಂದಲೇ ಬಾರಿಸಿದಳು. ಅಪ್ಪ ಜೋರಾಗಿ ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ಮೂರು ಜನರ ಊಟ ಅಪ್ಪನೊಬ್ಬರೇ ಮಾಡಿದರು. ಇಲ್ಲದಿದ್ದರೆ ಚೆನ್ನಾಗಿರುತ್ತಿರಲಿಲ್ಲ ಎಂದರು.

ಕುರ್ಚಿ ಎತ್ತಿಡುವಾಗ ನಾನು ಆಂಟಿಯ ಹತ್ತಿರ ಹೋಗಿ ಹೇಳಿದೆ. ಯಾರೂ ಯಾಕೆ ಬರಲಿಲ್ಲ, ಅಮ್ಮ ಏನು ಮಾಡಿದರು, ಯಾಕೆ ಮಾಡಿದರು, ಎಲ್ಲ. ಪುಸ್ತಕ ಮಾರಾಟದ ದಿನದ್ದೂ ಹೇಳಿದೆ. ಬಹಳ ಹೊತ್ತು ಹಿಡಿಯಿತು. ಕೆಲವು ಮಾತುಗಳು ಬರಲೇ ಇಲ್ಲ, ಬೇರೆ ಮಾತು ಹುಡುಕಿ ಹೇಳಿದೆ. ಅವರು ಕೈಯಲ್ಲಿ ಕುರ್ಚಿ ಹಿಡಿದುಕೊಂಡು ಹಾಗೇ ನಿಂತಿದ್ದರು. ಒಂದು ಸಲವೂ ನಡುವೆ ಮಾತಾಡಲಿಲ್ಲ. ನಾನು ಮುಗಿಸಿದ ಮೇಲೂ, ಇನ್ನೂ ಇದೆಯೇನೋ ಎಂದು ಕಾದರು. ಆಮೇಲೆ ಕುರ್ಚಿ ಕೆಳಗಿಟ್ಟು ಅದರಲ್ಲೇ ಕೂತುಬಿಟ್ಟರು. "ನನಗೆ ಗೊತ್ತೇ ಆಗ್ಲಿಲ್ಲಮ್ಮ. ತಪ್ಪಾಯ್ತು" ಎಂದರು.

ನಾನು ಅಮ್ಮನ ಮೇಲೆ ಚಾಡಿ ಹೇಳಿದ ಹಾಗಾಯಿತೇ ದೊಡ್ಡಮ್ಮ? ಅಮ್ಮ ಅದನ್ನೆಲ್ಲ ಮಾಡಿದ್ದು ನನಗೋಸ್ಕರ ಎಂದು ಗೊತ್ತು. ಆದರೆ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ನಿಮ್ಮ
ಗುಬ್ಬಿ


ಮೇ ೧೯

ಪಾರ್ಲರಿನವರಿಗೆ,

ಈ ಕಾಗದದ ಜೊತೆ ಸಂಘದ ಬೀರುವಿನ ಮತ್ತು ಸಭಾಂಗಣದ ಬೀಗದ ಕೈಗಳನ್ನು ಕಳಿಸಿದ್ದೇನೆ. ನಾನು ಅಧ್ಯಕ್ಷತೆ ಬಿಡುತ್ತಿದ್ದೇನೆಂದು ಹೆಡ್‌ಮಾಸ್ಟರಿಗೆ ತಿಳಿಸಿದೆ. ಕ್ಲಿನಿಕ್ಕಿನ ಕೆಲಸ ಹೆಚ್ಚಾಗಿದೆ ಎಂದಷ್ಟೇ ಹೇಳಿದ್ದೇನೆ. ಬೇರೆ ಕಾರಣವನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನಿಮ್ಮ ಮಗಳು ಅದೇ ಶಾಲೆಯಲ್ಲಿ ಓದಬೇಕಲ್ಲ.

ಮುಂದಿನ ವರ್ಷದ ಕಾರ್ಯಕ್ರಮಗಳನ್ನು ನಡೆಸಲು ನಿಮಗಿಂತ ತಕ್ಕವರು ಇಲ್ಲವೆಂದು ಅವರಿಗೆ ಹೇಳಿದೆ. ಅದು ವ್ಯಂಗ್ಯವಲ್ಲ. ಒಂದು ಊರನ್ನು ಬರದಂತೆ ಮಾಡಬಲ್ಲವರು ಬರುವಂತೆಯೂ ಮಾಡಬಲ್ಲರು. ಗ್ರಂಥಾಲಯದ ಗೋಡೆ ಅರ್ಧಕ್ಕೆ ನಿಂತಿದೆ. ಅದನ್ನು ಮುಗಿಸಿ.

ಪುಸ್ತಕ ಮಾರಾಟದ ದಿನ ನಾನು ಮಾಡಿದ್ದಕ್ಕೆ ನಿಮ್ಮ ಮಗಳ ಹತ್ತಿರ ಕ್ಷಮೆ ಕೇಳಿದ್ದೇನೆ. ನಿಮ್ಮ ಹತ್ತಿರ ಕೇಳುವುದಿಲ್ಲ. ನೀವು ನನ್ನ ಹತ್ತಿರ ಕೇಳಬೇಕಾಗಿಯೂ ಇಲ್ಲ. ನನ್ನ ಮಗಳು ಪಿಟೀಲನ್ನು ಅಟ್ಟದ ಮೇಲೆ ಇಡಿಸಿದ್ದಾಳೆ. ಕೇಳುವುದಿದ್ದರೆ ಅವಳನ್ನು ಕೇಳಿ.

ಇಂತು,
ಹಲ್ಲಿನ ಡಾಕ್ಟರು


ಜೂನ್ ೨೧

ಅಕ್ಕಾ,

ನೀನು ನನಗೆ ಬರೆಯುತ್ತಿಲ್ಲ. ಗುಬ್ಬಿಗೆ ಬರೆಯುತ್ತೀಯ. ಅವಳು ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ. ನಾನು ತೆಗೆದು ಓದಿಲ್ಲ. ಅಷ್ಟಾದರೂ ನಂಬು.

ನಾನೀಗ ಸಂಘದ ಅಧ್ಯಕ್ಷೆ. ಎಲ್ಲರೂ ಒಂದೇ ದನಿಯಲ್ಲಿ ನನ್ನ ಹೆಸರು ಹೇಳಿದರು. ಟೀಚರ ಕುರ್ಚಿಯಲ್ಲಿ ಕೂರಲು ಹೋದೆ, ಯಾಕೋ ಆಗಲಿಲ್ಲ. ಚೋಟು ಕುರ್ಚಿಯಲ್ಲೇ ಕೂತೆ. ಬೇಕರಿಯವಳು, "ಈಗ ನೋಡಿ, ಉಸಿರಾಡೋ ಹಾಗಿದೆ" ಎಂದಳು. ಮುಂದಿನ ತಿಂಗಳು ಸೈಕಲ್ ಸವಾರಿ, ಅದರ ಮುಂದೆ ಗಿಡಗಳ ಮಾರಾಟ. ಕುಟುಂಬ ಸಂಜೆಯನ್ನು ಮತ್ತೆ ಮಾಡಬೇಕೆಂದು ಹೆಡ್‌ಮಾಸ್ಟರು ಹೇಳಿದರು. ಎಲ್ಲರೂ "ನೀವು ಮಾಡಿದ್ರೆ ಬರ್ತೀವಿ" ಎಂದರು. ಅದೇ ನಗು, ಅದೇ ದನಿ. ಡಾಕ್ಟರಮ್ಮನ ಮುಂದೆ ಹೇಳುತ್ತಿದ್ದದ್ದೂ ಹೀಗೇ.

ಡಾಕ್ಟರಮ್ಮ ಈಗಲೂ ಕ್ಲಿನಿಕ್ಕಿಗೆ ನನ್ನ ಕಿಟಕಿಯ ಮುಂದೆಯೇ ನಡೆದು ಹೋಗುತ್ತಾಳೆ. ತಲೆ ತಗ್ಗಿಸುವುದಿಲ್ಲ. ನಾನು ಕಂಡರೆ ಸಣ್ಣಗೆ ತಲೆಯಾಡಿಸುತ್ತಾಳೆ. ನನಗೆ ಅವಳ ಮೇಲೆ ಇನ್ನೂ ಸಿಟ್ಟಿದೆ. ಪಶ್ಚಾತ್ತಾಪ ಪಡುತ್ತಿದ್ದೇನೆಂದು ನೀನು ತಿಳಿಯಬೇಡ. ಅವಳು ಕ್ಷಮೆ ಕೇಳಬೇಕಾದದ್ದು ನನ್ನ ಕಣ್ಣೆದುರು, ಎಲ್ಲರೆದುರು. ಯಾರೂ ಇಲ್ಲದ ಕಡೆ ಕೇಳಿ ಮುಗಿಸಿಬಿಟ್ಟಳು. ಎಲ್ಲರೂ ಇರದ ಹಾಗೆ ಮಾಡಿದ್ದು ನಾನೇ ಎಂದು ನೀನು ಹೇಳುತ್ತೀಯ. ಗೊತ್ತು.

ಗುಬ್ಬಿ ಈಗ ಶಾಲೆಯಲ್ಲಿ ಮಾತಾಡುತ್ತಾಳೆ. ಅವಳ ಅಪ್ಪ ಹೇಳಿದರು. ನನ್ನ ಹತ್ತಿರ ಬೇಕಾದಷ್ಟೇ. ಪಾರ್ಲರಿನ ಸ್ಟೂಲಿನ ಮೇಲೆ ಕೂರಲು ಬರುವುದಿಲ್ಲ. ಡಾಕ್ಟರಮ್ಮನ ಮಗಳ ಜೊತೆ ಓದುತ್ತಾಳಂತೆ.

ಮೊನ್ನೆ ಶನಿವಾರ, ಪಾರ್ಲರಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಮನೆಯ ಬೀಗದ ಕೈ ಕೇಳಲು ಗುಬ್ಬಿ ಒಳಗೆ ಬಂದಳು. ಅಕ್ಕಾ, ಅವಳ ಕೂದಲನ್ನು ಯಾರೋ ಕತ್ತರಿಸಿದ್ದರು. ಸೊಂಟದವರೆಗೆ ಇದ್ದದ್ದು ಕಿವಿಯವರೆಗೆ. ಮಾರುಕಟ್ಟೆಯ ತಿರುವಿನಲ್ಲಿ ಒಂದು ಅಂಗಡಿಯಿದೆ, ಗಂಡಸರಿಗೆ ಗಡ್ಡ ಹೆರೆಯುವವನದು. ಅವನ ಹತ್ತಿರ ಹೋಗಿ ಕತ್ತರಿಸಿಕೊಂಡು ಬಂದಿದ್ದಳು. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಹುಟ್ಟಿದಾಗಿನಿಂದ ಆ ತಲೆಗೆ ನನ್ನ ಕೈಯಲ್ಲದೆ ಬೇರೆ ಕೈ ತಾಗಿರಲಿಲ್ಲ.

"ಬಾ, ಕೂತ್ಕೋ. ಸರಿ ಮಾಡ್ತೀನಿ" ಎಂದೆ. ಕತ್ತರಿ ಕೈಯಲ್ಲೇ ಇತ್ತು.

"ಬ್... ಬ್..." ಎಂದಳು. ಎಲ್ಲರೂ ನೋಡುತ್ತಿದ್ದರು. ನಾನು ಕಾದೆ.

"ಬೇಡ" ಎಂದಳು.

ಬೀಗದ ಕೈ ತೆಗೆದುಕೊಂಡು ಹೋದಳು. ಕುರ್ಚಿಯಲ್ಲಿ ಕೂತಿದ್ದ ಬ್ಯಾಂಕ್ ಮ್ಯಾನೇಜರ ಹೆಂಡತಿ ಕನ್ನಡಿಯಲ್ಲೇ ನನ್ನನ್ನು ನೋಡುತ್ತ, "ಅಯ್ಯೋ, ಎಂಥ ಕೂದಲು! ಯಾರ್ರೀ ಅದನ್ನ ಹಾಗೆ ಹಾಳು ಮಾಡಿದ್ದು?" ಎಂದು ಕೇಳಿದಳು.

"ನಾನೇ" ಎಂದೆ.

ನಿನ್ನ ತಂಗಿ